ಹಳತಿನ ವೇಷ ಹಾಕಿದ ಹೊಸ ಕಾಗದ

ಹಳೆಯ ಕಾಗದಕ್ಕೆ ಕಿಲೋ ಲೆಕ್ಕದಲ್ಲಿ ಬೆಲೆ, ಹಳತಿನ ಹಾಗೆ ಕಾಣುವ ಹೊಸ ಕಾಗದಕ್ಕೆ ಹಾಳೆ ಲೆಕ್ಕದಲ್ಲಿ ಬೆಲೆ. ಲೋಕದ ಈ ನ್ಯಾಯ ನನ್ನ ತಲೆಗೆ ಹತ್ತಲು ಸ್ವಲ್ಪ ಸಮಯ ಹಿಡಿಯಿತು. ಬಂಟ್ವಾಳ ಪೇಟೆಯ ಗುಜರಿ ಅಂಗಡಿಗೆ ಒಂದು ಗೋಣಿ ತುಂಬ ಹಳೆ ಪಂಚಾಂಗ, ವಾರಪತ್ರಿಕೆ, ಮಕ್ಕಳ ನೋಟ್ ಪುಸ್ತಕ ಹಾಕಿ ಬಂದರೆ ಸಿಗುವ ದುಡ್ಡಿಗೆ, ನನ್ನ ತಂಗಿಯ ಮಗಳು ಮೊಬೈಲಿನಲ್ಲಿ ಒತ್ತಿ ತರಿಸುವ ‘ವಿಂಟೇಜ್ ಪೇಪರ್’ ಕಟ್ಟಿನ ಮೇಲಿನ ಪ್ಲಾಸ್ಟಿಕ್ ಕೂಡ ಬರಲಿಕ್ಕಿಲ್ಲ.

ಆ ಕಟ್ಟನ್ನು ನೀವು ನೋಡಬೇಕು. ಹನ್ನೆರಡು ಇಂಚಿನ ಚೌಕದ ದಪ್ಪ ಹಾಳೆಗಳು. ಅಂಚೆಲ್ಲ ಕಂದು, ನಡುವೆ ಯಾರೋ ಕಾಫಿ ಲೋಟ ಇಟ್ಟುಹೋದ ಉಂಗುರದ ಕಲೆ. ಒಂದರಲ್ಲಿ ಫ್ರೆಂಚಿನಲ್ಲಿ ಗೀಚಿದ ಪ್ರೇಮಪತ್ರ, ಇನ್ನೊಂದರಲ್ಲಿ ಪಿಯಾನೋದ ಸ್ವರಲಿಪಿ, ಮತ್ತೊಂದರಲ್ಲಿ ಬಾಡಿದ ಗುಲಾಬಿ, ಜೇಬುಗಡಿಯಾರ, ತುಕ್ಕು ಹಿಡಿದ ಬೀಗದ ಕೈ, ಐಫೆಲ್ ಗೋಪುರ. ತುಕ್ಕೂ ಅಚ್ಚು, ಕಲೆಯೂ ಅಚ್ಚು, ಹರಿದ ಅಂಚು ಕೂಡ ಅಚ್ಚೇ. ಬೆರಳಲ್ಲಿ ಸವರಿದರೆ ನುಣ್ಣಗೆ ಜಾರುತ್ತದೆ. ನಮ್ಮ ಅತ್ತೆ ಮೊದಲ ಸಲ ಅದನ್ನು ಕಂಡವರೇ “ಅಯ್ಯೋ, ಪೂರಾ ಚಂಡಿ ಆಗಿದೆಯಲ್ಲ ಮಾರಾಯ್ತಿ, ಬಿಸಿಲಿಗಾದರೂ ಹಾಕಬಾರದಾ” ಎಂದು ಅಂಗಳದಲ್ಲಿ ಅಡಿಕೆಯ ಪಕ್ಕ ಹರಡಿಯೇಬಿಟ್ಟರು. ಸಂಜೆ ತೆಗೆದು ನೋಡಿ, ಕಲೆ ಹೋಗಲಿಲ್ಲವೆಂದು ಬೇಸರಪಟ್ಟರು.

ಹುಡುಗಿ ಮೂಡುಬಿದಿರೆಯಲ್ಲಿ ಕಾಲೇಜು ಓದುವವಳು. ಶನಿವಾರ ಸಂಜೆ ಬಸ್ಸಿಳಿದು ನಮ್ಮಲ್ಲಿಗೆ ಬಂದಳೆಂದರೆ ಆದಿತ್ಯವಾರ ಕತ್ತಲಾಗುವವರೆಗೆ ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ. “ದೊಡ್ಡಮ್ಮ, ಅಲ್ಲಿ ಮೆಟ್ಟಬೇಡಿ, ಲೇಯರ್ ಒಣಗ್ತಾ ಉಂಟು” ಎನ್ನುತ್ತಾಳೆ. ನಮ್ಮ ಮನೆಯವರು ಪೇಪರ್ ಓದುವ ಕುರ್ಚಿಯನ್ನು ಗೇಟಿನ ಹತ್ತಿರಕ್ಕೆ ವರ್ಗಾಯಿಸಿಕೊಂಡಿದ್ದಾರೆ.

ಲೇಯರ್ ಎಂದರೆ ಇಷ್ಟು. ಮೊದಲು ಒಂದು ರಟ್ಟು. ಅದರ ಮೇಲೆ ಹೂವಿನ ಹಾಳೆ. ಕತ್ತರಿ ತಾಗಿಸದೆ ಕೈಯಿಂದಲೇ ಹರಿದದ್ದು, ಹಾಗೆ ಹರಿದರೆ ಅಂಚಿನಲ್ಲಿ ಕಾಗದದ ಬಿಳಿ ನಾರು ಎದ್ದು ಕಾಣುತ್ತದೆ. ಆ ಹೂವಿನ ಮೇಲೆ ತೆಳ್ಳಗೆ ಬಿಳಿ ಬಣ್ಣ, ಅರ್ಧ ಮುಚ್ಚುವ ಹಾಗೆ, ಅರ್ಧ ಕಾಣುವ ಹಾಗೆ. ಮೇಲೆ ಸ್ವರಲಿಪಿಯ ತುಂಡು, ಹಳೆ ರವಿಕೆಯಿಂದ ಬಿಚ್ಚಿದ ಲೇಸು, ಗೋಣಿಯ ಚೂರು, ಎರಡು ಗುಂಡಿ. ಎಲ್ಲದರ ತುದಿಗೆ ಒಂದು ಚಿಟ್ಟೆ. ಚಿಟ್ಟೆಯ ಅಡಿಯಲ್ಲಿ ಎರಡೂ ಬದಿ ಅಂಟುವ ಸ್ಪಂಜಿನ ತುಂಡು ಇಟ್ಟಿರುತ್ತಾಳೆ. ಅದರಿಂದ ಚಿಟ್ಟೆ ಕಾಗದ ಬಿಟ್ಟು ಮೇಲೆದ್ದು, ತನ್ನ ನೆರಳನ್ನು ತಾನೇ ಬೀಳಿಸಿಕೊಂಡು ನಿಲ್ಲುತ್ತದೆ. ಬಣ್ಣಕ್ಕಿಂತ ಆ ನೆರಳೇ ನೋಡಲು ಚೆಂದ. ಇಷ್ಟಕ್ಕೂ ಸೇರಿ ‘ಮಿಕ್ಸೆಡ್ ಮೀಡಿಯಾ’ ಎಂದು ಹೆಸರು. ಮಾಡಿದ್ದನ್ನು ಗೆಳತಿಯ ಹುಟ್ಟುಹಬ್ಬಕ್ಕೆ ಕಾರ್ಡಾಗಿ ಕೊಡುವುದು, ಚೌಕಟ್ಟಿನೊಳಗೆ ಕೂರಿಸುವುದು, ಇಲ್ಲವೇ ಪುಸ್ತಕವಾಗಿ ಹೊಲಿಯುವುದು.

ನನಗೆ ಮೊದಲಿಗೆ ಹೊಟ್ಟೆ ಉರಿದದ್ದು ಖರ್ಚಿಗೆ. “ಅಲ್ಲ ಮಗಾ, ಹಳತೇ ಬೇಕಾದರೆ ನಮ್ಮ ಅಟ್ಟದಲ್ಲಿ ಬೇಕಾದಷ್ಟು ಉಂಟಲ್ಲ. ಪ್ಯಾರಿಸಿನ ಹಳತು ಎಂತಕ್ಕೆ?” ಎಂದು ಟ್ರಂಕು ಇಳಿಸಿದೆ. ತೆರೆದದ್ದೇ ತಡ, ಹುಡುಗಿಯ ಕಣ್ಣು ಅರಳಿತು. ಮದ್ರಾಸು ಸರಕಾರದ ಕಾಲದ, ಸೌತ್ ಕೆನರಾ ಜಿಲ್ಲೆ ಎಂದು ನಮೂದಾದ ಛಾಪಾ ಕಾಗದ. ನೀಲಿ ಶಾಯಿ ಕಂದಾಗಿ ತಿರುಗಿದ ಜಾತಕ. ನಾಲ್ಕು ಮೂಲೆಗೆ ಅರಸಿನ ಹಚ್ಚಿದ ಲಗ್ನಪತ್ರಿಕೆಗಳು. ಸಹಕಾರಿ ಸಂಘದ ರಸೀದಿ. ದಾರದಲ್ಲಿ ಪೋಣಿಸಿದ ಗೇಣಿ ಚೀಟಿಗಳ ಒಂದು ಕಂತೆ. ಅವಳ ಕೈ ಸೀದಾ ಹೋದದ್ದು ಆ ಕಂತೆಗೆ. “ಟೆಕ್ಸ್ಚರ್ ನೋಡಿ ದೊಡ್ಡಮ್ಮ!”

ಅತ್ತೆ ಅಡುಗೆಮನೆಯಿಂದ ಬಂದ ವೇಗ ನೋಡಿದರೆ ಅವರ ಮೊಣಕಾಲು ನೋವೆಲ್ಲ ಸುಳ್ಳೆನಿಸಬೇಕು. “ಅದು ಮುಟ್ಟಬೇಡ. ಆ ಚೀಟಿಯಿಂದಲೇ ಈ ಅಂಗಳ ನಮ್ಮದಾದ್ದು.”

ಈಗಿನ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕು. ಗೇಣಿ ಒಕ್ಕಲು ದಟ್ಟವಾಗಿದ್ದ ಜಿಲ್ಲೆ ನಮ್ಮದು. ಭೂಸುಧಾರಣೆ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಉಳುವವನು ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕಾಯಿತು. ನಮ್ಮ ಕಡೆಯವರು ಇವತ್ತಿಗೂ ಅದನ್ನು ‘ಡಿಕ್ಲರೇಷನ್ ಕೊಟ್ಟದ್ದು’ ಎನ್ನುತ್ತಾರೆ. ಭೂನ್ಯಾಯ ಮಂಡಳಿಯ ಮುಂದೆ ನಿಂತಾಗ ಇಂಥ ಗದ್ದೆಗೆ ಇಷ್ಟು ಮುಡಿ ಅಕ್ಕಿ ಸಂದಾಯವಾಗಿದೆ ಎಂಬ ಅಂಗೈಯಗಲದ ಚೀಟಿಗೆ ಬಂದ ಬೆಲೆ ಚಿನ್ನಕ್ಕೂ ಇರಲಿಲ್ಲ. ಚೀಟಿ ಕೊಡದ ಧಣಿಗಳೂ ಇದ್ದರು, ಚೀಟಿಯನ್ನು ಒಲೆಗೆ ಹಾಕಿ ಆಮೇಲೆ ಕಣ್ಣೀರು ಹಾಕಿದ ಒಕ್ಕಲುಗಳೂ ಇದ್ದರು. ವಿಧಿಯ ಚೇಷ್ಟೆ ನೋಡಿ, ಅದೇ 1974ರ ಜುಲೈಯಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಯೊಳಗೆ ಬಂದಳು. ಅಕ್ಕಿಮುಡಿಗಿಂತ ಮೊದಲು ಕಾಗದದ ಟ್ರಂಕನ್ನು ಅಟ್ಟಕ್ಕೆ ಏರಿಸಿದ ಕತೆಯನ್ನು ಅತ್ತೆ ಈಗಲೂ ಹೇಳುತ್ತಾರೆ. ಪ್ರತಿ ಸಲ ನೀರು ಒಂದು ಮೆಟ್ಟಲು ಮೇಲೆ ಬರುತ್ತದೆ.

ಅಂದಿನಿಂದ ನನಗೆ ಆ ಫ್ರೆಂಚ್ ಪ್ರೇಮಪತ್ರದ ಮೇಲೆ ಗೌರವ ಹುಟ್ಟಿದೆ. ಅದರಲ್ಲಿ ಯಾರ ಗದ್ದೆಯೂ ಇಲ್ಲ, ಯಾರ ಜಾತಕವೂ ಇಲ್ಲ. ಪ್ರೇಮವೂ ಇಲ್ಲ, ಏಕೆಂದರೆ ಬರೆದ ಹುಡುಗನೇ ಇಲ್ಲ. ಹರಿದರೆ ಯಾರ ಹಕ್ಕೂ ಹೋಗುವುದಿಲ್ಲ. ಹಳತಿನ ರೂಪವಷ್ಟೇ ಇದ್ದು ಹಳತಿನ ಜವಾಬ್ದಾರಿ ಇಲ್ಲದ ಕಾಗದವೊಂದು ಬೇಕಾಗಿತ್ತು. ಯಾರೋ ಪುಣ್ಯಾತ್ಮರು ಅದನ್ನು ಅಚ್ಚು ಹಾಕಿ ಕೊಟ್ಟರು. ಅದನ್ನು ಸುಳ್ಳು ಹಳತು ಎಂದು ಹೀಯಾಳಿಸುವವರನ್ನು ಕಂಡರೆ, ನಿಮ್ಮ ಮನೆಯ ಟ್ರಂಕಿಗೆ ಬೀಗ ಉಂಟಾ ಎಂದು ಕೇಳೋಣ ಅನಿಸುತ್ತದೆ. ನಿಜವಾದ ಹಳತನ್ನು ನೋಡಲು ಬೇರೆ ಜಾಗ ಇದೆ. ಬಿ.ಸಿ.ರೋಡಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿ ಬೆಳೆಸಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ, ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ, ಇಂಥಲ್ಲಿ ಒಂದು ಸುತ್ತು ಬಂದರೆ ನಾವು ಹಿತ್ತಿಲಿಗೆ ಎಸೆದ ವಸ್ತುಗಳೆಲ್ಲ ಎಷ್ಟು ಗಾಂಭೀರ್ಯದಿಂದ ಕೂತಿವೆ ಎಂದು ಕಾಣುತ್ತದೆ. ಕತ್ತರಿ ಹಿಡಿದವರು ಒಮ್ಮೆ ಹೋಗಿ ಬರುವುದು ಒಳ್ಳೆಯದು.

ದೊಡ್ಡವರ ಪೈಕಿ ಸಾಕ್ಷಿ ಬೇಕಾದರೆ ಪಿಕಾಸೋ ಇದ್ದಾನೆ. 1912ರಲ್ಲಿ ಅವನು ಮಾಡಿದ ಒಂದು ಚಿತ್ರದಲ್ಲಿ ಬೆತ್ತದ ಕುರ್ಚಿಯ ಹೆಣಿಗೆ ಬೇಕಾಗಿತ್ತು. ಬೆತ್ತ ತರಲಿಲ್ಲ, ಬೆತ್ತವನ್ನು ಬರೆಯಲೂ ಇಲ್ಲ. ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣದ ಬಟ್ಟೆಯ ತುಂಡನ್ನು ಅಂಟಿಸಿ, ಸುತ್ತ ಹಗ್ಗವನ್ನೇ ಚೌಕಟ್ಟು ಮಾಡಿದ. ಅದೇ ವರ್ಷ ಅವನ ಗೆಳೆಯ ಬ್ರಾಕ್, ಮರದ ಹಲಗೆಯ ನಕಲಿ ಗೆರೆಗಳಿದ್ದ ಗೋಡೆಕಾಗದವನ್ನು ಅಂಗಡಿಯಿಂದ ಕೊಂಡು ತಂದು ತನ್ನ ಚಿತ್ರಕ್ಕೆ ಮೆತ್ತಿದ. ಕೊಲಾಜ್ ಎಂದು ಕಲಾಶಾಲೆಗಳಲ್ಲಿ ಪಾಠ ಮಾಡುವ ವಿದ್ಯೆ ಶುರುವಾದದ್ದೇ ನಕಲಿ ವಿನ್ಯಾಸದ ಬಟ್ಟೆ, ಕಾಗದದಿಂದ. ಅದಕ್ಕೂ ಹಿಂದೆ, 1772ರಲ್ಲಿ, ಇಂಗ್ಲೆಂಡಿನ ಮೇರಿ ಡೆಲನಿ ಎಂಬ ಅಜ್ಜಿ ತನ್ನ 72ನೆಯ ವಯಸ್ಸಿನಲ್ಲಿ ಬಣ್ಣದ ಕಾಗದ ಕತ್ತರಿಸಿ, ಎಸಳಿನ ಮೇಲೆ ಎಸಳು ಅಂಟಿಸಿ ಹೂಗಿಡಗಳನ್ನು ಮಾಡತೊಡಗಿದಳು. ಒಂದು ಹೂವಿಗೆ ನೂರಾರು ಚೂರು. ಕೆಲವೊಮ್ಮೆ ನಡುವೆ ನಿಜವಾದ ಎಲೆಯೊಂದನ್ನೂ ಸೇರಿಸಿಬಿಡುತ್ತಿದ್ದಳು. ಕಣ್ಣು ಮಂಜಾಗುವವರೆಗೆ ಮಾಡಿದ ಸಾವಿರದ ಹತ್ತಿರ ಹತ್ತಿರದ ಆ ಹಾಳೆಗಳು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಈ ಕತೆ ಹೇಳಿ ಅತ್ತೆಯನ್ನು ಹುರಿದುಂಬಿಸಲು ಹೋದೆ. “ಅವಳಿಗೆ ಮನೆಯಲ್ಲಿ ಕೆಲಸದವರಿದ್ದರಾ?” ಎಂದು ಕೇಳಿದರು. ಉತ್ತರ ಗೊತ್ತಿದ್ದೂ ನಾನು ಮಾತು ಬದಲಿಸಿದೆ.

ಇಂಗ್ಲೆಂಡಿಗೆ ಹೋಗುವ ಅಗತ್ಯವೇನು, ನಮ್ಮ ಬಿಜಾಪುರ ಸಾಲದೇ? ಆದಿಲ್‌ಶಾಹಿ ಕಾಲದಲ್ಲಿ, ಹದಿನೇಳನೆಯ ಶತಮಾನದಲ್ಲಿ, ಅಬ್ರಿ ಚಿತ್ರಗಳೆಂಬ ಒಂದು ಸೋಜಿಗ ಹುಟ್ಟಿತು. ಅಂಟುಗಟ್ಟಿದ ನೀರಿನ ಮೇಲೆ ಬಣ್ಣದ ಹನಿ ತೇಲಬಿಟ್ಟು, ಕಡ್ಡಿಯಲ್ಲಿ ಕದಡಿ, ಮೇಲೆ ಕಾಗದ ಇಟ್ಟು ಎತ್ತಿದರೆ ಮೋಡದ ಹಾಗೂ ಅಮೃತಶಿಲೆಯ ವಿನ್ಯಾಸ ಕಾಗದಕ್ಕೆ ಏರುತ್ತದೆ. ಬೇರೆ ದೇಶದವರು ಅದನ್ನು ಹೆಚ್ಚಾಗಿ ಪುಸ್ತಕದ ಅಂಚಿಗೆ, ರಟ್ಟಿನ ಒಳಬದಿಗೆ ಬಳಸಿ ಸುಮ್ಮನಾದರು. ದಖ್ಖನಿನ ಕಲಾವಿದರು ಕೊರೆಯಚ್ಚು ಇಟ್ಟು, ಬೇಕಾದ ಕಡೆ ಮಾತ್ರ ಬಣ್ಣ ಹಿಡಿಸಿ, ಆ ಮೋಡದಲ್ಲೇ ಬಡಕಲು ಕುದುರೆ, ಅದರ ಮೇಲೊಬ್ಬ ಸವಾರನನ್ನು ಮೂಡಿಸಿದರು. ಮೇಲೆ ಬಂಗಾರದ ಗೆರೆ ಎಳೆದರು. ಅಂಥ ಚಿತ್ರಗಳನ್ನು ಬಣ್ಣದ ಅಂಚುಕಾಗದಗಳ ನಡುವೆ ಅಂಟಿಸಿ ಆಲ್ಬಂ ಕಟ್ಟುವ ರಿವಾಜು ಆಗಿನ ದರಬಾರುಗಳಲ್ಲಿತ್ತು. ಇನ್ನು ಮಡಿಕೆ ಪುಸ್ತಕದ ವಿಷಯ. ನಮ್ಮ ಹುಡುಗಿ ವಿಡಿಯೋ ನೋಡಿ ಕಲಿತು, ಒಂದೇ ಉದ್ದ ಕಾಗದವನ್ನು ಹಾರ್ಮೋನಿಯಂ ತಿದಿಯಾಗಿ ಮಡಚಿ, ಎರಡು ಕಡೆ ರಟ್ಟು ಹಾಕಿದಾಗ ಹೊಸ ದ್ವೀಪ ಕಂಡುಹಿಡಿದ ಸಂಭ್ರಮದಲ್ಲಿದ್ದಳು. ಕನ್ನಡ ನಾಡಿನ ಶಾನುಭೋಗರೂ ಮಠದ ಗುಮಾಸ್ತರೂ ಲೆಕ್ಕ ಬರೆಯುತ್ತಿದ್ದ ಕಡತ ಮತ್ತೇನು? ಹತ್ತಿಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುವುದು. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದು. ಶೃಂಗೇರಿ ಮಠದ ಕಡತಗಳನ್ನು ಓದಿ ಚರಿತ್ರೆಕಾರರು ಗ್ರಂಥ ಬರೆದಿದ್ದಾರೆ. ಬಟ್ಟೆ, ಅಂಟು, ಮಸಿ, ಕಲ್ಲು: ಇದಕ್ಕಿಂತ ಮಿಕ್ಸೆಡ್ ಮೀಡಿಯಾ ಬೇಕೆ?

ಐಫೆಲ್ ಗೋಪುರಕ್ಕೂ ಬಂಟ್ವಾಳಕ್ಕೂ ಏನು ಸಂಬಂಧ ಎಂದು ನಮ್ಮ ಮನೆಯವರು ಗೇಟಿನ ಹತ್ತಿರದಿಂದ ಆಗಾಗ ಕೂಗುವುದುಂಟು. ಅವರಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯೇ ಉತ್ತರ. 1430ರಲ್ಲಿ ಎದ್ದ ಆ ತ್ರಿಭುವನ ತಿಲಕ ಚೂಡಾಮಣಿ ಬಸದಿಯ ಮುಂದೆ ಭೈರಾದೇವಿ ಮಂಟಪವಿದೆ. ಅದರ ತಳಪಾಯದ ಕೆತ್ತನೆಯಲ್ಲಿ ಒಂದು ಜಿರಾಫೆ, ಒಂದು ಚೀನೀ ಡ್ರ್ಯಾಗನ್ ಇವೆ. ಹದಿನೈದನೆಯ ಶತಮಾನದ ತುಳುನಾಡಿನಲ್ಲಿ ಜಿರಾಫೆ ಎಲ್ಲಿ ಮೇಯುತ್ತಿತ್ತು? ಮೆಣಸು ಕೊಳ್ಳಲು ಕಡಲಾಚೆಯಿಂದ ಬಂದವರ ಬಾಯಲ್ಲೋ ಬಟ್ಟೆಯಲ್ಲೋ ಆ ಚಿತ್ರ ಬಂದಿರಬೇಕು. ಶಿಲ್ಪಿ ಚೆಂದ ಕಂಡಿತೆಂದು ಎತ್ತಿಕೊಂಡ. ಕೆಲಸ ಬಲ್ಲವನು ಚೆಂದದ್ದಕ್ಕೆ ಊರು ಕೇಳುವುದಿಲ್ಲ. ಹಾಗೆ ನೋಡಿದರೆ ಆ ‘ವಿಕ್ಟೋರಿಯನ್’ ಹಾಳೆಗಳಲ್ಲಿ ಅರ್ಧಕ್ಕರ್ಧ ಮಾವಿನಕಾಯಿ ಬಳ್ಳಿಯೇ. ಕಾಶ್ಮೀರದ ಶಾಲಿನಿಂದ ಸ್ಕಾಟ್ಲೆಂಡಿಗೆ ಹೋಗಿ, ಅಲ್ಲಿಂದ ಕಾಗದಕ್ಕೆ ಇಳಿದು, ಈಗ ಕೊರಿಯರಿನಲ್ಲಿ ಬಂಟ್ವಾಳಕ್ಕೆ ವಾಪಸು ಬಂದಿದೆ. ಅತ್ತೆಯ ಧಾರೆ ಸೀರೆಯ ಸೆರಗಿನ ಪಕ್ಕ ಇಟ್ಟರೆ ಎರಡೂ ದಾಯಾದಿಗಳೆಂದು ಯಾರೂ ಹೇಳಿಯಾರು.

ಮೂಡುಬಿದಿರೆಯಿಂದ ಇನ್ನೂ ಒಂದು ಕಲಿತೆವು. ಅಲ್ಲಿಯ ಸಿದ್ಧಾಂತ ಬಸದಿಯ ಧವಲ, ಜಯಧವಲ, ಮಹಾಧವಲ ಎಂಬ ಜೈನ ಶಾಸ್ತ್ರಗ್ರಂಥಗಳ ತಾಡೋಲೆಗಳು ಹೊಯ್ಸಳರ ಕಾಲದವು, ಬಣ್ಣದ ಚಿತ್ರಗಳಿರುವಂಥವು. ಬಹುಕಾಲ ಅವು ದರ್ಶನಕ್ಕೆ ಮಾತ್ರ. ಭಕ್ತರು ದೂರದಿಂದ ಕೈಮುಗಿದು ಬರುತ್ತಿದ್ದರು, ಓದುವವರಿಲ್ಲ. ಕೊನೆಗೆ ವಿದ್ವಾಂಸರು ಕೂತು ವರ್ಷಗಟ್ಟಲೆ ಪ್ರತಿ ಮಾಡಿಕೊಂಡರು. ಅದರ ಫಲವಾಗಿ 1939ರಿಂದ ಷಟ್ಖಂಡಾಗಮ ಧವಲಾಟೀಕೆಯೊಡನೆ ಹದಿನಾರು ಸಂಪುಟಗಳಲ್ಲಿ ಅಚ್ಚಾಯಿತು. ಓಲೆ ಓಲೆಯ ಜಾಗದಲ್ಲೇ ಉಳಿಯಿತು, ಒಳಗಿದ್ದದ್ದು ಊರೆಲ್ಲ ಓಡಾಡಿತು. ಈ ಉಪಾಯವನ್ನೇ ನಾವು ಗೇಣಿ ಚೀಟಿಗೂ ಹಾಕಿದೆವು. ಚೀಟಿ, ಲಗ್ನಪತ್ರಿಕೆ, ಜಾತಕದ ಕುಂಡಲಿ ಎಲ್ಲವನ್ನೂ ಬಿ.ಸಿ.ರೋಡಿಗೆ ಹೊತ್ತುಕೊಂಡು ಹೋಗಿ ದಪ್ಪ ಕಾಗದದ ಮೇಲೆ ಜೆರಾಕ್ಸ್ ಮಾಡಿಸಿಕೊಂಡು, ಮೂಲವನ್ನು ಅತ್ತೆಯ ಕಣ್ಣೆದುರೇ ಟ್ರಂಕಿಗೆ ಹಾಕಿದೆವು. ಈಗ ನಮ್ಮದೇ ವಿಂಟೇಜ್ ಪೇಪರ್ ಇದೆ. ಪ್ರೇಮಪತ್ರದ ಜಾಗದಲ್ಲಿ ‘ಮುಡಿ ಆರು, ಸೇರು ಹತ್ತು’.

ಜೆರಾಕ್ಸಿನ ವಿಷಯದಲ್ಲಿ ಒಂದು ಎಚ್ಚರ. ಜೆರಾಕ್ಸ್ ಯಂತ್ರದ, ಲೇಸರ್ ಪ್ರಿಂಟರಿನ ಮಸಿ ಎಂದರೆ ಕಾಗದಕ್ಕೆ ಕರಗಿ ಕೂತ ಪುಡಿ. ನೀರಿಗೂ ಅಂಟಿಗೂ ಕದಲುವುದಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟಿಗೆ ಚಹಾ ತಾಗಿದರೆ ಸಾಮಾನ್ಯವಾಗಿ ಅಕ್ಷರವೆಲ್ಲ ನೀಲಿ ಹೊಳೆಯಾಗಿ ಹರಿದುಹೋಗುತ್ತದೆ. ಚಹಾ ಯಾಕೆಂದರೆ, ಹೊಸ ಬಿಳಿ ಕಾಗದಕ್ಕೆ ವಯಸ್ಸು ಬರಿಸುವ ಮದ್ದು ಅದೇ. ಹಾಲು ಸಕ್ಕರೆ ಹಾಕದ ಗಟ್ಟಿ ಚಹಾ ಮಾಡಿ, ಆರಿದ ಮೇಲೆ ಕಾಗದ ಅದ್ದಿ ತೆಗೆದು, ಮಡಿಕೆ ಬೀಳದ ಹಾಗೆ ಒಣಗಿಸಬೇಕು. ಅದರ ಒಗರು ಕಾಗದದ ನಾರಿಗೆ ಹಿಡಿಯುತ್ತದೆ. ಅಡಿಕೆ ಬೇಯಿಸಿದ ಚೊಗರು ಇನ್ನೂ ಗಾಢ ಬಣ್ಣ ಕೊಟ್ಟೀತು. ಆದರೆ ಚೊಗರು ಮಲೆನಾಡಿನವರ ಸೊತ್ತು. ನಮ್ಮದು ಅಡಿಕೆಯನ್ನು ಹಾಗೆಯೇ ಬಿಸಿಲಿಗೆ ಹಾಕುವ ಚಾಲಿಯ ಸೀಮೆ, ಚೊಗರಿಗೆ ಘಟ್ಟ ಹತ್ತಬೇಕು. ನಿಜವಾದ ಹಳೆ ಕಾಗದ ಕಂದಾಗುವುದು ಬೇರೆ ಕಾರಣಕ್ಕೆ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಲಿಗ್ನಿನ್ ಉಳಿದಿರುತ್ತದೆ, ಅಂಟಿಗೆ ಪಟಿಕ ಹಾಕಿರುತ್ತಾರೆ. ಗಾಳಿ ಬೆಳಕಿಗೆ ಹುಳಿ ಹುಟ್ಟಿ ಒಳಗಿಂದಲೇ ತಿಂದುಬಿಡುತ್ತದೆ. ಹತ್ತಿ ಚಿಂದಿಯಿಂದ ಮಾಡಿದ ಅದಕ್ಕೂ ಹಿಂದಿನ ಕಾಗದ ಗಟ್ಟಿಮುಟ್ಟಾಗಿರುವಾಗ ನನ್ನ ಶಾಲೆಯ ಪಾಠಪುಸ್ತಕ ಮುಟ್ಟಿದರೆ ಪುಡಿ. ಆ ಹುಳಿ ಪಕ್ಕದ ಹಾಳೆಗೂ ಹಬ್ಬುವುದರಿಂದ, ಹಳೆ ಪುಟವನ್ನು ಒಳಗೆ ಸೇರಿಸಿದರೆ ಹೊಸ ಚಿತ್ರವೂ ಬೇಗ ಮುದಿಯಾಗುತ್ತದೆ. ಗುಜರಿಗೂ ಬೇಡವಾದ ಪಂಚಾಂಗವನ್ನು ಕತ್ತರಿಸಲೇಬೇಕೆಂದಿದ್ದರೆ ಅಂಟಿನ ತೆಳು ಲೇಪ ಎರಡೂ ಬದಿಗೆ ಕೊಟ್ಟುಕೊಳ್ಳಿ.

ಅಂಟು ಎಂದಾಗ ಫೆವಿಕಾಲ್ ಎನ್ನುವ ಕಾಲ ಇದು. ಆದರೆ ನಮ್ಮ ಕರಾವಳಿಯ ಮಳೆಗಾಲದಲ್ಲಿ ಎರಡನೇ ಲೇಯರ್ ಹಾಕುವಾಗ ಮೊದಲನೆಯದು ಇನ್ನೂ ಹಸಿಯೇ. ಒದ್ದೆಯಾದ ಕಾಗದ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಮರುದಿನ ನೋಡಿದರೆ ಚಿತ್ರ ಹಪ್ಪಳ. ಬೈಂಡಿಂಗಿನವರಿಗೆ ಇದರ ಮದ್ದು ಗೊತ್ತು: ರಟ್ಟಿನ ಬೆನ್ನಿಗೂ ಅಷ್ಟೇ ದಪ್ಪದ ಒಂದು ಕಾಗದ ಅಂಟಿಸುವುದು. ಎರಡು ಕಡೆಯಿಂದ ಎಳೆತ ಸಮವಾದರೆ ರಟ್ಟು ಬಾಗುವುದಿಲ್ಲ. ಆಮೇಲೆ ಭಾರ ಹೇರಬೇಕು. ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟು ಇದೆ, ಆರು ಸಂಪುಟ. ಉಪಾಧ್ಯಾಯ ದಂಪತಿ ವರ್ಷಾನುಗಟ್ಟಲೆ ಬೆವರು ಸುರಿಸಿದ್ದು ಇದಕ್ಕಲ್ಲ, ಗೊತ್ತು. ಆದರೂ ಒಂದು ಸಂಪುಟ ಎತ್ತಿಡುವಾಗ ಎರಡು ಶಬ್ದ ಓದಿಯೇ ಇಡುತ್ತೇನೆ.

ಮೈದಾ ಅಂಟು ನನಗೆ ಇಂದಿಗೂ ಹೆಚ್ಚು ಇಷ್ಟ. ಗಂಟಾಗದಂತೆ ಕದಡಿ, ಸಣ್ಣ ಉರಿಯಲ್ಲಿ ಕಾಯಿಸಿ, ಪಾರದರ್ಶಕವಾಗುವ ಹೊತ್ತಿಗೆ ಇಳಿಸಿದರೆ ಕಾಗದ ಅದರ ಮೇಲೆ ಸ್ವಲ್ಪ ಹೊತ್ತು ಜಾರುತ್ತದೆ. ಚಿಟ್ಟೆಯನ್ನು ಅತ್ತಿತ್ತ ಸರಿಸಿ ಕೂರಿಸಬಹುದು. ಜಿರಲೆಗೂ ಅದು ಅಷ್ಟೇ ಇಷ್ಟ ಎಂಬುದೊಂದೇ ತೊಂದರೆ. ಅದಕ್ಕೆ ಹಳೆ ಬೈಂಡಿಂಗಿನವರು ಚಿಟಿಕೆ ಮೈಲುತುತ್ತು ಹಾಕುತ್ತಿದ್ದರು. ಅಡಿಕೆ ತೋಟವಿರುವ ಮನೆಯಲ್ಲಿ ಮೈಲುತುತ್ತಿಗೆ ಬರವೇ? ವಿಷ, ಮಕ್ಕಳ ಕೈಗೆ ಸಿಗಬಾರದು, ಅಂಟಿಸಿದ ಕೈ ತೊಳೆಯದೆ ತಿನ್ನಬಾರದು. ಈ ನೀಲಿ ಹರಳಿನದ್ದೇ ಒಂದು ಪುರಾಣ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಮೈಲುತುತ್ತು ಸುಣ್ಣ ಕಲಸಿ ಬಳ್ಳಿಗೆ ಎರಚುತ್ತಿದ್ದರು. ಎರಚಿದ ಬಳ್ಳಿಗೆ ರೋಗ ಬರದ್ದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿದ. 1885ರಲ್ಲಿ ಅದು ಔಷಧವಾಯಿತು. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಿಡಬಹುದೆಂದು ತೋರಿಸಿಕೊಟ್ಟ. ದ್ರಾಕ್ಷಿ ಕಳ್ಳನಿಗೆ ಒಡ್ಡಿದ ಬೆದರಿಕೆ ನಮ್ಮ ಅಡಿಕೆಯನ್ನು ಉಳಿಸಿ, ಮಿಕ್ಕ ಚಿಟಿಕೆಯಲ್ಲಿ ನನ್ನ ಐಫೆಲ್ ಗೋಪುರವನ್ನು ಜಿರಲೆಯಿಂದ ಕಾಯುತ್ತಿದೆ. ಫ್ರಾನ್ಸಿಗೂ ಬಂಟ್ವಾಳಕ್ಕೂ ಸಂಬಂಧ ಇಲ್ಲ ಎನ್ನುವವರು ಈಗ ಮಾತಾಡಲಿ.

ಕತ್ತರಿಯ ವಿಷಯಕ್ಕೆ ಬಂದರೆ ಬೆಳ್ತಂಗಡಿಗೆ ಹೋಗಬೇಕು. ನನ್ನ ನಾದಿನಿಯ ಮನೆ ಅಲ್ಲಿ. ಆಚೆಮನೆಯ ಹೆಂಗಸು ಬಾಲ್ಯದಿಂದ ಬೀಡಿ ಕಟ್ಟಿದವರು. ಹುಡುಗಿ ಒಮ್ಮೆ ಗುಲಾಬಿಯ ಎಸಳು ಬಿಡಿಸಿ ಕತ್ತರಿಸಲು ಆಗದೆ ಒದ್ದಾಡುತ್ತಿದ್ದಾಗ ಅವರು ತಡ್ಪೆ, ಅಂದರೆ ಬೀಡಿ ಕಟ್ಟುವ ಮೊರ, ಬದಿಗಿಟ್ಟು, “ಕೊಡು ಇಲ್ಲಿ” ಎಂದು ತಮ್ಮ ಬೀಡಿ ಕತ್ತರಿ ತೆಗೆದರು. ತಗಡಿನ ಅಳತೆ ಇಟ್ಟು ಎಲೆಯ ನರ ನೋಡಿ ಕತ್ತರಿಸಿದ ಕೈ ಅದು. ಕತ್ತರಿಯನ್ನು ಒಂದೇ ಕಡೆ ಹಿಡಿದು ಕಾಗದವನ್ನೇ ತಿರುಗಿಸುತ್ತ ಹೋದರು. ಗೆರೆ ಬಿಟ್ಟು ಕೂದಲೆಳೆ ಆಚೀಚೆ ಇಲ್ಲ. ಹುಡುಗಿ ನೋಡಿದ ಯಾವ ವಿಡಿಯೋದಲ್ಲೂ ಅಂಥ ಕೆಲಸ ಕಂಡಿರಲಿಲ್ಲ. ಬಂಟ್ವಾಳ, ಬೆಳ್ತಂಗಡಿಯ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಶಾಲೆ ಫೀಸು, ಚಿನ್ನದ ಬೆಂಡೋಲೆ ಎಲ್ಲವನ್ನೂ ಆ ಕತ್ತರಿಯಿಂದಲೇ ಕತ್ತರಿಸಿ ತೆಗೆದವರು. ಬೀಡಿಗೆ ಬೇಡಿಕೆ ಇಳಿದಿದೆ, ಕೈಯಲ್ಲಿ ಕಸುಬು ಉಳಿದಿದೆ. ಕರಕುಶಲ ತರಬೇತಿ ಎಂದು ದೂರದಿಂದ ಯಾರನ್ನೋ ಕರೆಸುವ ಸಂಘ ಸಂಸ್ಥೆಗಳಿಗೆ ಈ ಕೈಗಳು ಯಾಕೆ ಕಾಣುವುದಿಲ್ಲವೋ. ಬೀಡಿ ಕಟ್ಟಿನ ಲೇಬಲ್ಲುಗಳೂ ಇದ್ದವು ಅವರಲ್ಲಿ, ತೆಳು ಕಾಗದದ ಮೇಲೆ ಗಾಢ ಬಣ್ಣದ ಅಚ್ಚು. ಹುಡುಗಿ ಕಣ್ಣಿಗೊತ್ತಿಕೊಂಡು ತಂದಳು.

ಇಷ್ಟೆಲ್ಲ ಆದ ಮೇಲೆ ನಮ್ಮ ಕಡೆಯ ಅಸಲು ಕಾಗದದ ಕೆಲಸದ ಹೆಸರು ಎತ್ತದಿದ್ದರೆ ತಪ್ಪಾದೀತು. ಯಕ್ಷಗಾನದ ಕಿರೀಟ, ಭುಜಕೀರ್ತಿ ಹತ್ತಿರದಿಂದ ನೋಡಿದವರಿಗೆ ಗೊತ್ತು: ಹಗುರ ಮರದ ಮೇಲೆ ಬೇಗಡೆ, ಕನ್ನಡಿ ಚೂರು, ಮಣಿ, ಬಟ್ಟೆ. ಅದನ್ನು ಮಾಡುವುದು ಕುಶಲಕರ್ಮಿಗಳು. ಮನೆಮಂದಿಯ ಕೆಲಸ ದೀಪಾವಳಿಯ ಗೂಡುದೀಪ. ಬಿದಿರು ಸೀಳಿ ನಯ ಮಾಡಿದ ಇಪ್ಪತ್ತನಾಲ್ಕು ಕಡ್ಡಿ. ಅದರಲ್ಲಿ ಆರು ಚೌಕ. ಚೌಕಗಳನ್ನು ಮೂಲೆಗೆ ಮೂಲೆ ಸೇರಿಸಿ ಹನ್ನೆರಡು ಕಡೆ ಕಟ್ಟಿದರೆ ನಡುವೆ ಎಂಟು ತ್ರಿಕೋನ ಯಾರೂ ಕರೆಯದೆ ಬಂದು ಕೂರುತ್ತವೆ. ಲೆಕ್ಕದ ಮೇಷ್ಟ್ರಿಗೆ ಅದಕ್ಕೊಂದು ಉದ್ದ ಹೆಸರಿದೆ, ನಮ್ಮಪ್ಪನಿಗೆ ಹೆಸರು ಗೊತ್ತಿಲ್ಲದೆಯೂ ಗಂಟು ಗೊತ್ತಿತ್ತು. ಮೇಲೆ ತೆಳು ಬಣ್ಣದ ಕಾಗದ, ಅಂಚಿಗೆ ಮಾತ್ರ ಅಂಟು. ಅಂಟಿಸಿದ ಮೇಲೆ ಸ್ವಲ್ಪ ನೀರು ಚಿಮುಕಿಸಿದರೆ ಒಣಗುವಾಗ ಕಾಗದ ಬಿಗಿದು ಮದ್ದಳೆಯ ಮುಚ್ಚಿಗೆ. ಬಿಳಿ ಕಾಗದದಲ್ಲಿ ಕತ್ತರಿಸಿದ ಹೂವು, ನಕ್ಷತ್ರ, ಕೆಳಗೆ ಬಾಲ. ದೀಪ ಇಟ್ಟಾಗ ನೀಲಿಯ ಮೇಲೆ ಹಳದಿ ಬಂದ ಕಡೆ ಹಸಿರು ತಾನಾಗಿ ಹುಟ್ಟುತ್ತದೆ. ಚೌಕಟ್ಟಿನ ಚಿತ್ರದಲ್ಲಿ ಲೇಯರ್ ನೆರಳು ಬೀಳಿಸುತ್ತದೆ. ಇಲ್ಲಿ ಬೆಳಕೇ ಲೇಯರಿನೊಳಗಿಂದ ಹಾದು ಬರುತ್ತದೆ. ನನ್ನ ಮಟ್ಟಿಗೆ ಎರಡನೆಯದು ಒಂದು ಕೈ ಮೇಲು. ಹುಡುಗಿ ಒಪ್ಪುವುದಿಲ್ಲ.

ಒಪ್ಪದವಳು ಈ ವರ್ಷ ಗೂಡುದೀಪವನ್ನೇ ಹಿಡಿದುಕೊಂಡಿದ್ದಾಳೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ದೀಪಾವಳಿ ಸಮಯಕ್ಕೆ ಗೂಡುದೀಪ ಸ್ಪರ್ಧೆ ನಡೆಯುತ್ತದಲ್ಲ, ಅಲ್ಲಿ ಜನ ತರುವುದನ್ನು ನೋಡಿದರೆ ಗೂಡುದೀಪಕ್ಕೆ ಆಗದ ವಸ್ತುವೇ ಇಲ್ಲ ಅನಿಸುತ್ತದೆ: ಬೈಹುಲ್ಲು, ಧಾನ್ಯ, ಅಡಿಕೆ ಹಾಳೆ, ಬೆಂಕಿಕಡ್ಡಿ. ಇವಳ ಯೋಜನೆ ವಿಂಟೇಜ್ ಪೇಪರಿನದ್ದು. ಮೊದಲ ತೊಂದರೆ, ಆ ದಪ್ಪ ಹಾಳೆಯಲ್ಲಿ ಬೆಳಕು ತೂರುವುದಿಲ್ಲ. ಅದಕ್ಕೆ ಬಸದಿಯ ಕಂಬದ ಬಳ್ಳಿಯನ್ನು ನೋಡಿ ಬರೆದುಕೊಂಡು ಬಂದು, ಹಾಳೆಯಲ್ಲಿ ಅದನ್ನು ಕೊರೆದು ಕಿಟಕಿ ಮಾಡಿ, ಹಿಂದಿನಿಂದ ಬೆಣ್ಣೆಕಾಗದ ಅಂಟಿಸಿದ್ದಾಳೆ. ಕೊರೆದದ್ದು ಬೆಳ್ತಂಗಡಿಯ ಬೀಡಿ ಕತ್ತರಿ. ತ್ರಿಕೋನಗಳಿಗೆ ಗೇಣಿ ಚೀಟಿಯ ಜೆರಾಕ್ಸು, ಚಹಾದಲ್ಲಿ ಅದ್ದಿದ್ದು. ಬಾಲಕ್ಕೆ ಲಗ್ನಪತ್ರಿಕೆಯ ಜೆರಾಕ್ಸಿನ ಗಣಪತಿಗಳು. ಒಂದು ಚೌಕದಲ್ಲಿ ಹಠ ಬಿಡದೆ ಐಫೆಲ್ ಗೋಪುರ, ಪಕ್ಕದ ಚೌಕದಲ್ಲಿ ಜಿರಾಫೆ.

ಈಗ ಮನೆಯಲ್ಲಿ ಎದ್ದಿರುವ ಪ್ರಶ್ನೆ ಬೇರೆ. ಸ್ಪರ್ಧೆಯಲ್ಲಿ ಸಾಂಪ್ರದಾಯಿಕ, ಆಧುನಿಕ, ಪ್ರತಿಕೃತಿ ಎಂದು ವಿಭಾಗಗಳು. ಬಿದಿರು, ಮೈದಾ, ಆರು ಚೌಕ ಎಂಟು ತ್ರಿಕೋನ ಎಲ್ಲ ಇರುವಾಗ ಇದು ಸಾಂಪ್ರದಾಯಿಕವೇ ಎಂದು ನನ್ನ ವಾದ. “ಕಾಗದ ಮೊನ್ನೆ ಕೊರಿಯರಿನಲ್ಲಿ ಬಂದದ್ದು, ಅದು ಹೇಗೆ ಸಂಪ್ರದಾಯ ಆಗ್ತದೆ?” ಎಂದು ಅತ್ತೆ. ಆಧುನಿಕಕ್ಕೆ ಹಾಕಿದರೆ ತೀರ್ಪುಗಾರರು ಹಳೇ ಕಾಗದ ಎಂದುಕೊಂಡು ತಿರಸ್ಕರಿಸಿಯಾರು ಎಂದು ಹುಡುಗಿಗೆ ಭಯ. ನಮ್ಮ ಮನೆಯವರು ಗೇಟಿನ ಹತ್ತಿರದಿಂದ ಪೇಪರ್ ಇಳಿಸಿ, “ಪ್ರತಿಕೃತಿಗೆ ಹಾಕು. ಹಳತಿನದ್ದೇ ಪ್ರತಿಕೃತಿ ಅಲ್ಲವಾ ಅದು?” ಎಂದರು. ಅವರು ತಮಾಷೆಗೆ ಹೇಳಿದ್ದು. ಹುಡುಗಿ ಮಾತ್ರ ಅದನ್ನೇ ಬರೆದುಕೊಂಡಿದ್ದಾಳೆ.